ಹುಂಜದ ಕಾಲಿನ ನೂಲು

ಆ ಹುಂಜ ಕೂಗಿತೋ ಇಲ್ಲವೋ, ಇವತ್ತಿಗೂ ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ಅದು ಕೂಗಿದೆ. ಕೂಗಬೇಕಾದ ಗಳಿಗೆಯಲ್ಲೇ ಕೂಗಿದೆ, ನನ್ನ ಅನುಮಾನಕ್ಕೆ ಅದೇ ಕಾರಣ. ನಾಟಕದಲ್ಲಿ ಪರದೆಯ ಹಿಂದೆ ಯಾರೋ ಸನ್ನೆ ಮಾಡಿದಂತೆ ಕೂಗುವ ಹುಂಜದ ಕಥೆಯನ್ನು ಬೇರೆಯವರು ಹೇಳಿದರೆ ನಾನು ನಂಬುವವನಲ್ಲ. ನನ್ನ ತಲೆಯೇ ಹೇಳಿದರೆ ಯಾಕೆ ನಂಬಬೇಕು? ಈ ಕಥೆಯನ್ನು ಬಸ್ಸುಗಳಲ್ಲಿ, ಮದುವೆ ಮನೆಗಳಲ್ಲಿ, ಸ್ಟಾಫ್ ರೂಮುಗಳಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಾಗೆಲ್ಲ ಎಲ್ಲೋ ಒಂದು ಕಡೆ ಚೂರು ಸುಣ್ಣ ಬಳಿದಿರಬೇಕು. ಈಗ ಗೋಡೆ ಯಾವುದು, ಸುಣ್ಣ ಯಾವುದು ಎಂದು ಕೆರೆದು ನೋಡಲು ಹೊರಟಿದ್ದೇನೆ.

ಅರವತ್ತರ ದಶಕದ ಕೊನೆ. ನಾನು ಯಳಂದೂರಿನ ಪಕ್ಕದ ಮಾಂಬಳ್ಳಿಯ ಬೇಸಾಯದ ಮನೆಯವನು. ನಮ್ಮ ಮನೆಯಲ್ಲಿ ವಿಭೂತಿ ಧರಿಸದೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ. ಮೈಸೂರಿನಲ್ಲಿ ತತ್ವಶಾಸ್ತ್ರ ಓದಿದ ನಾನು ದೇವರನ್ನು ಅಲ್ಲೇ ಹಾಸ್ಟೆಲಿನಲ್ಲಿ ಬಿಟ್ಟು ಬಂದಿದ್ದೆ. ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತ್ತು. ಊರು ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿ ಎಷ್ಟೋ ವರ್ಷವಾಗಿದ್ದರೂ ಹಳಬರು ಯಳಂದೂರಿಗೆ ಹೊರಟರೆ ‘ಮೈಸೂರು ಸೀಮೆಗೆ ಓಗಿ ಬತ್ತೀನಿ’ ಎನ್ನುತ್ತಿದ್ದರು. ಅವರ ಲೆಕ್ಕದಲ್ಲಿ ನಾನು ಪರದೇಶದವನು.

ನಾನು ಬಾಡಿಗೆಗಿದ್ದ ಮನೆಯ ಯಜಮಾನರು ರೇಷ್ಮೆಗೂಡು ಕೊಂಡು ಹಿತ್ತಲಿನಲ್ಲಿ ನೂಲು ತೆಗೆಸುತ್ತಿದ್ದರು. ಸಂಜೆಯಾದರೆ ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡು ದೇವರು ಇದ್ದಾನೆ ಎನ್ನುವುದಕ್ಕೆ ಏನು ಸಾಕ್ಷಿ ಎಂದು ಪೀಡಿಸುವುದು ನನ್ನ ಅಭ್ಯಾಸ. ಒಂದು ದಿನ ಗೂಡಿನ ಚೀಲ ಇಳಿಸುತ್ತಿದ್ದ ತೆಳ್ಳಗಿನ ಮನುಷ್ಯನೊಬ್ಬನ ತೋಳು ಹಿಡಿದು ನನ್ನ ಮುಂದೆ ತಂದು ನಿಲ್ಲಿಸಿದರು.

“ತಕಳಿ ಮೇಷ್ಟ್ರೇ, ನಿಮ್ಗೆ ಜೊತೆ ಸಿಕ್ತು. ಈ ಉಪದೇಶಿಗೂ ನಿಮ್ದೇ ಕಾಯ್ಲೆ. ಇಬ್ರೂ ಒಬ್ರ ತಲೆ ಒಬ್ರು ತಿನ್ನಿ, ನನ್ನ ಬುಟ್ಬುಡಿ.”

ಹನೂರಿನಿಂದ ಲೊಕ್ಕನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗೆ ಕ್ರೈಸ್ತರ ಸಣ್ಣದೊಂದು ಕೇರಿಯಿತ್ತು. ಅರ್ಧ ತಮಿಳು, ಅರ್ಧ ಕನ್ನಡದ ಜನ. ಅಲ್ಲಿನ ಹೆಂಚಿನ ದೇವಾಲಯಕ್ಕೆ ಸ್ವಂತ ಪಾದ್ರಿಯಿರಲಿಲ್ಲ. ಭಾನುವಾರ ಪೀಠದ ಮೇಲೆ ನಿಂತು ಬೋಧಿಸಲು ಊರಿನವನೇ ಒಬ್ಬ ಉಪದೇಶಿ, ಮೇಲುಸ್ತುವಾರಿಗೆ ಕೊಳ್ಳೇಗಾಲದ ಪಾದ್ರಿ, ಎಲ್ಲರ ಬಾಯಲ್ಲಿ ಅಯ್ಯನವರು. ಈ ಮನುಷ್ಯ ಆ ಉಪದೇಶಿ. ಹೊಟ್ಟೆಪಾಡಿಗೆ ಹುಳ ಸಾಕುತ್ತಿದ್ದ.

ಆತ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, ಪೀಠಿಕೆಯಿಲ್ಲದೆ ಕೇಳಿದ: “ಸಾ, ನಗಬ್ಯಾಡಿ. ದೇವ್ರಿಗೆ ನಾಳೆ ಗೊತ್ತಾ?”

“ಯಾವ ದೇವರಿಗೆ?”

“ನಂದೋ ನಿಮ್ದೋ, ಯಾವ್ದಾರಾ ಆಗ್ಲಿ. ದೇವ್ರು ಅಂದ್ಮೇಲೆ ಗೊತ್ತಿರ್ಬೇಕಲ್ವಾ? ಗೊತ್ತಿದ್ರೆ ನನ್ ಎಂಡ್ರು ಉಂಜ ಬುಟ್ಟಾಗ ಯಾಕ್ ಸುಮ್ನಿದ್ದ?”

ನಾನು ಕೂತಲ್ಲಿಂದ ಎದ್ದೇಬಿಟ್ಟೆ! ಮೈಸೂರಿನಲ್ಲಿ ಇದೇ ಪ್ರಶ್ನೆಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಉತ್ತರ ಬರೆದಿದ್ದೆ. ದೈವದ ಸರ್ವಜ್ಞತೆ, ಮನುಷ್ಯನ ಸ್ವಾತಂತ್ರ್ಯ, ಪರ, ವಿರೋಧ, ಸಮಾರೋಪ. ಬರೆಯುವಾಗ ಆಕಳಿಸುತ್ತಿದ್ದೆ. ಈಗ ಅದೇ ಪ್ರಶ್ನೆ ಗೂಡಿನ ಚೀಲ ಹೊತ್ತು, ಬೆವರು ಸುರಿಸುತ್ತಾ, ಹನೂರಿನ ಬಸ್ಸಿಳಿದು ಬಂದಿತ್ತು.

ಹುಂಜ ಬಿಡುವುದು ಎಂದರೆ ಏನೆಂದು ಆತನೇ ಹೇಳಿದ. ಆ ಕೇರಿಯಲ್ಲಿ ಯಾರಿಗಾದರೂ ಕಷ್ಟ ಬಂದರೆ ಒಂದು ಕೋಳಿಮರಿಯನ್ನು ದೇವರಿಗೆಂದು ಬಿಡುತ್ತಾರೆ. ಗುರುತಿಗೆ ಅದರ ಕಾಲಿಗೆ ಹಳದಿಯ ಹಸಿ ರೇಷ್ಮೆನೂಲು ಕಟ್ಟುತ್ತಾರೆ. ನೂಲು ಕಟ್ಟಿದ್ದನ್ನು ಯಾರೂ ಕೊಯ್ಯುವಂತಿಲ್ಲ, ಮಾರುವಂತಿಲ್ಲ. ಬೇಡಿದ್ದು ನಡೆದರೆ ಸುಗ್ಗಿ ಹಬ್ಬದ ಭಾನುವಾರ ಅದನ್ನು ದೇವಾಲಯಕ್ಕೆ ಒಪ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಆತನ ಹೆಂಡತಿ ಬಸುರಿಯಾಗಿದ್ದಾಗ, ತಾನೂ ಮಗುವೂ ನೆಟ್ಟಗೆ ಎದ್ದರೆ ಎಂದು ಬೇಡಿಕೊಂಡು ಒಂದು ಮರಿಯ ಕಾಲಿಗೆ ನೂಲು ಕಟ್ಟಿದಳು. ಮಳೆಗಾಲದಲ್ಲಿ ನೋವು ಕಾಣಿಸಿಕೊಂಡಿತು. ಗಾಡಿ ಕಟ್ಟಿಕೊಂಡು ಹನೂರಿಗೆ ಹೊರಟರೆ ದಾರಿಯ ಹಳ್ಳ ತುಂಬಿ ಹರಿಯುತ್ತಿತ್ತು. ಹಳ್ಳ ಇಳಿಯಲೆಂದು ಕಾಯುತ್ತಾ ದಡದಲ್ಲೇ ಹೆತ್ತಳು. ಹೆಣ್ಣುಮಗು ಉಳಿಯಿತು. ಅವಳು ಉಳಿಯಲಿಲ್ಲ.

“ಮೂರ್ ವಾರ ನಾನ್ ಪೀಠ ಅತ್ತಲಿಲ್ಲ ಸಾ. ಆಮೇಲೊಂದಿನ ಅತ್ತಿ ಏಳ್ಬುಟ್ಟೆ, ದೇವ್ರಿಗೆ ನಾಳೆಯೆಲ್ಲಾ ಗೊತ್ತಿಲ್ಲ, ಅವ್ನೂ ನಮ್ ಜೊತೆ ನಾಳೇನ ಕಾಯ್ತಾ ಕೂತವ್ನೆ ಅಂತ. ಅಂಗಂದ್ಕಂಡ್ರೆ ನಂಗೆ ಪ್ರಾರ್ಥನೆ ಬತ್ತದೆ. ಗೊತ್ತಿದ್ದೂ ಅವ್ಳ ಕೈಲಿ ನೂಲ್ ಕಟ್ಟುಸ್ಕಂಡ ಅಂದ್ಕಂಡ್ರೆ ನಾಲ್ಗೆ ಏಳಲ್ಲ.”

ಆ ಮಾತು ಅಯ್ಯನವರ ಕಿವಿಗೆ ಬಿದ್ದಿತ್ತು. ಅಪ್ಪಣೆಯೂ ಬಂದಿತ್ತು. ಸುಗ್ಗಿ ಹಬ್ಬದ ಹಿಂದಿನ ಶನಿವಾರ ಅಯ್ಯನವರೇ ಬಂದು ಎಲ್ಲರ ಎದುರಿಗೆ ಕೇಳುತ್ತಾರೆ. ದೇವರಿಗೆ ಆಗಲಿರುವುದೆಲ್ಲ ಗೊತ್ತು ಎಂದು ಉಪದೇಶಿ ಒಪ್ಪಿದರೆ ಸರಿ. ಇಲ್ಲದಿದ್ದರೆ ದೇವಾಲಯದ ಬೀಗದ ಕೈ ಒಪ್ಪಿಸಬೇಕು.

“ಒಪ್ಪಿಸಿಬಿಡಿ. ಏನು ಹೋಯಿತು?” ಎಂದೆ, ಕೆಲಸಗಳನ್ನು ಅಂಗಿಯಂತೆ ಬದಲಿಸುತ್ತಿದ್ದ ನಾನು.

“ಆ ಪೀಠ ಓದ್ರೆ ನಂಗೆ ಮಾತಾಡಕ್ ಉಳ್ಯೋದು ಉಳ ಮಾತ್ರ ಸಾ. ಉಳಕ್ಕೆ ಉಪದೇಶ ಮಾಡ್ಲಾ?”

ಮುಂದಿನ ವಾರಗಳು ನನಗೆ ಹಬ್ಬ. ಆತ ಗೂಡು ತಂದ ದಿನವೆಲ್ಲ ಜಗಲಿಯ ಮೇಲೆ ವಾದ. ಶಾಲೆಯಿಂದ ಓಡಿ ಬರುತ್ತಿದ್ದೆ. ಹಳೆಯ ಟಿಪ್ಪಣಿಗಳನ್ನು ಮಾಂಬಳ್ಳಿಯ ಅಟ್ಟದಿಂದ ಇಳಿಸಿ ತಂದೆ. ನನ್ನ ಒಂದು ವಾದ ಆತನಿಗೆ ತುಂಬ ಹಿಡಿಸಿತು: ಇನ್ನೂ ಆಗದೇ ಇರುವುದು ಎಲ್ಲಿಯೂ ಇಲ್ಲ, ಇಲ್ಲದ್ದನ್ನು ತಿಳಿಯದೇ ಇರುವುದು ಕೊರತೆಯಲ್ಲ. ಆತ ಅದನ್ನು ಬಾಯಲ್ಲಿ ಆಡಿಸಿ ನೋಡಿ, “ನೆಡ್ದೇ ಇರೋ ಇಪ್ನೇರ್ಳೆ ಗಿಡ್ದಲ್ಲಿ ಎಷ್ಟ್ ಎಲೆ ಅಂತ ಕೇಳ್ದಂಗೆ” ಎಂದ. ನನ್ನ ಇಡೀ ಟಿಪ್ಪಣಿ ಅಷ್ಟೇ ಆಗಿತ್ತು. ಇಬ್ಬರೂ ತೊಡೆ ತಟ್ಟಿಕೊಂಡು ನಕ್ಕೆವು. ಹೆಂಡತಿ ಸತ್ತವನೊಬ್ಬ, ದೇವರಿಲ್ಲ ಎನ್ನುವವನೊಬ್ಬ, ಇಬ್ಬರೂ ಸೇರಿ ದೇವರಿಗೊಂದು ಬಿಡುಗಡೆಯ ದಾರಿ ಹುಡುಕುತ್ತಿದ್ದೆವು.

ಆ ಶನಿವಾರ ಹನೂರಿನ ಬಸ್ಸು ಹತ್ತಿದರೆ ಪಕ್ಕದ ಸೀಟಿನಲ್ಲಿ ಸಾಕ್ಷಾತ್ ಅಯ್ಯನವರು! ಬಿಳಿ ನಿಲುವಂಗಿ, ಕೊಡೆ, ಬಸ್ಸಿನ ಕುಲುಕಾಟಕ್ಕೆ ಹೊಟ್ಟೆ ತೊಳಸದಿರಲೆಂದು ಕೈಯಲ್ಲೊಂದು ನಿಂಬೆಹಣ್ಣು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಮ್ಮ ಉಪದೇಶಿಗೆ ಬಾಣ ಚೂಪು ಮಾಡಿಕೊಡ್ತಿರೋ ಮೇಷ್ಟ್ರು ನೀವೇ ಏನು? ಹೊಸ ವಾದ ಏನಿದೆ, ಮೊದಲೇ ಹೇಳಿಬಿಡಿ, ನನಗೂ ವಯಸ್ಸಾಯಿತು.”

“ನಿಮ್ಮ ದೇವರಿಗೆ ಗೊತ್ತಿರಬೇಕಲ್ಲ, ಅವರನ್ನೇ ಕೇಳಿ” ಎಂದೆ.

ಅಯ್ಯನವರು ನಿಂಬೆಹಣ್ಣು ಮೂಸಿ ನಕ್ಕರು. “ಗೊತ್ತು ಮೇಷ್ಟ್ರೇ. ನನಗೆ ಹೇಳಲ್ಲ. ಅದೇ ನನ್ನ ತೊಂದರೆ.”

ನನ್ನ ಮನಸ್ಸಿನಲ್ಲಿ ಸಿದ್ಧವಾಗಿದ್ದ ಖಳನಾಯಕ ಅಲ್ಲೇ ಕರಗಿಹೋದ. ಹನೂರಿನಲ್ಲಿಳಿದು ಒಂದೇ ಗಾಡಿಯಲ್ಲಿ ಕೇರಿಗೆ ಹೋದೆವು. ದಾರಿಯಲ್ಲಿ ಆ ಹಳ್ಳ ದಾಟಿದೆವು. ಆಗ ಅದರಲ್ಲಿ ಬರೀ ಮರಳು. ಅಯ್ಯನವರು ಮಾತ್ರ ಕೆಳಗಿಳಿದು ನಡೆದುಕೊಂಡು ದಾಟಿದರು.

ವಾದ ನಡೆದದ್ದು ಉಪದೇಶಿಯ ಮನೆಯಂಗಳದಲ್ಲಿ. ದೇವಾಲಯದಲ್ಲೇ ಆಗಬೇಕಿತ್ತು. ಆದರೆ ಕೇರಿಯಲ್ಲೆಲ್ಲ ಹುಳ ಕೊನೆಯ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿತ್ತು, ಗಳಿಗೆ ಬಿಟ್ಟು ಗಳಿಗೆಗೆ ಸೊಪ್ಪು ಹಾಕಬೇಕು. ಒಳಗಿನ ತಟ್ಟೆಗಳಲ್ಲಿ ಹುಳ ಸೊಪ್ಪು ಮೇಯುವ ಸದ್ದು ತುಂತುರು ಮಳೆಯ ಹಾಗೆ ಹೊರಗೆ ಕೇಳಿಸುತ್ತಿತ್ತು. ಹೆಂಗಸರು ಸರದಿಯ ಮೇಲೆ ಎದ್ದು ಹೋಗಿ ಸೊಪ್ಪು ಹಾಕಿ ಬಂದು, ಸೆರಗಿಗೆ ಕೈ ಒರೆಸುತ್ತಾ “ಈಗ ಯಾರ್ ಮುಂದವ್ರೆ?” ಎಂದು ಕೇಳಿ ಕೂರುತ್ತಿದ್ದರು. ಉಪದೇಶಿಯ ಅತ್ತೆ, ತೀರಿಹೋದವಳ ತಾಯಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಮಗಳು ಹೋದ ಮೇಲೆ ಮಗುವನ್ನು ನೋಡಿಕೊಳ್ಳಲು ಅದೇ ಮನೆಯಲ್ಲಿ ಉಳಿದವಳು.

ಅಯ್ಯನವರು ಬಳಸು ಮಾತಿಲ್ಲದೆ ಶುರು ಮಾಡಿದರು. “ಶಿಲುಬೆಗೆ ಹೋಗೋ ಮುಂಚೆ, ಕೊನೆಯ ಊಟದ ದಿನ ಸ್ವಾಮಿ ತಮ್ಮ ಶಿಷ್ಯನಿಗೆ ಏನು ಹೇಳಿದರು? ಕೋಳಿ ಕೂಗುವುದರೊಳಗೆ ನಾನು ಯಾರೋ ಗೊತ್ತಿಲ್ಲ ಅಂತ ಮೂರು ಸಲ ಹೇಳ್ತೀಯ ಅಂದರು. ಹಾಗೇ ಆಯಿತಲ್ಲ?”

“ಆಯ್ತು ಸಾಮಿ. ಸ್ವಾಮಿಗೆ ಆ ಮನ್ಷನ ಗುಣ ಗೊತ್ತಿತ್ತು. ನಮ್ ಎತ್ತು ನೀರ್ ಕಂಡ್ರೆ ನಿಂತ್ಕತದೆ ಅಂತ ನಂಗೂ ಗೊತ್ತು. ಅದು ನಾಳೆ ಗೊತ್ತಿರೋದಲ್ಲ, ಎತ್ತು ಗೊತ್ತಿರೋದು.”

ಜನ ‘ಓ’ ಎಂದಿತು. ನಾನು ಕೂತಲ್ಲೇ ಚಡಪಡಿಸಿದೆ. ಇದು ನಾನು ಹೇಳಿಕೊಟ್ಟದ್ದಲ್ಲ, ಆತನದೇ!

“ಎತ್ತು ನಿಲ್ಲುತ್ತೆ ಅಂತ ಹೇಳಬಹುದಪ್ಪ. ಮೂರೇ ಸಲ, ಅದೂ ಕೋಳಿ ಕೂಗುವುದರೊಳಗೆ ಅಂತ ಹೇಗೆ ಹೇಳೋದು? ಕೋಳಿಯ ಗುಣವೂ ಗೊತ್ತಿತ್ತೇನು?”

ಆಗ, ನನ್ನ ನೆನಪಿನ ಪ್ರಕಾರ, ಗೋಡೆಯ ಪಕ್ಕ ಕವಿಚಿಟ್ಟಿದ್ದ ಬುಟ್ಟಿಯ ಕೆಳಗಿನಿಂದ ಹುಂಜ ಕೂಗಿತು.

ಹಿಂದಿನ ಸಾಲಿನಿಂದ ಯಾರೋ, “ಗೊತ್ತಂತೆ ಸಾಮಿ!” ಎಂದರು. ಅಂಗಳವೇ ಕುಲುಕಿ ನಕ್ಕಿತು. ಅಯ್ಯನವರು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. “ತನ್ನಿ ಅವನನ್ನ. ಸಾಕ್ಷಿ ಒಳಗಿದ್ದರೆ ಹೇಗೆ?”

ಬುಟ್ಟಿ ಎತ್ತಿದರು. ಕೆಂಪು ಹುಂಜ ಎದೆ ಉಬ್ಬಿಸಿಕೊಂಡು ಹೊರಗೆ ಬಂತು. ಅದರ ಕಾಲಿನಲ್ಲಿ ಹಳದಿ ನೂಲು. ನಗು ತಟ್ಟನೆ ನಿಂತಿತು. ಅದು ಯಾವ ಹುಂಜ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ವಾದ ಬಿರುಸಾಯಿತು. ಉಪದೇಶಿ ಗ್ರಂಥದಿಂದ ಒಬ್ಬ ಅರಸನನ್ನು ಎಬ್ಬಿಸಿದ. ಸಾಯುತ್ತೀಯ ಎಂದು ದೇವರೇ ಹೇಳಿಕಳುಹಿಸಿದ ಮೇಲೆ ಆ ಅರಸ ಗೋಡೆಗೆ ಮುಖ ಮಾಡಿ ಅತ್ತ, ಅತ್ತದ್ದಕ್ಕೆ ದೇವರು ಆಯುಷ್ಯ ಹೆಚ್ಚಿಸಿದ. “ಮೊದ್ಲೇ ಗೊತ್ತಿದ್ರೆ ಆ ಮಾತ್ಯಾಕೆ ಕಳ್ಸ್ಬೇಕಿತ್ತು? ಎದ್ರಿಸಕ್ಕಾ?” “ಅವನು ಅಳಲಿ ಅಂತ” ಎಂದರು ಅಯ್ಯನವರು. “ಅಂಗಾದ್ರೆ ಮೊದಲ್ನೇ ಮಾತು ಸುಳ್ಳಾಯ್ತಲ್ಲ ಸಾಮಿ?” “ಸುಳ್ಳಲ್ಲ, ಎಚ್ಚರಿಕೆ.” “ನಮ್ ಪಟೇಲ್ರೂ ಅಂಗೇ ಅಂತಾರೆ!” ಎಂದಳೊಬ್ಬಳು. ಮತ್ತೆ ನಗು.

ಅಯ್ಯನವರು ಒಳಗಿನ ಹುಳಮನೆಯ ಕಡೆ ಬೆರಳು ಮಾಡಿದರು. “ನಿಮ್ಮ ಅತ್ತೆ ಹುಳದ ಮೈಬಣ್ಣ ನೋಡಿ ನಾಳೆ ಗೂಡಿಗೆ ಹತ್ತುತ್ತೆ ಅಂತಾಳೆ. ಅವಳು ಅಂದದ್ದರಿಂದ ಹತ್ತುತ್ತೇನು? ತಿಳಿಯೋದು ಬೇರೆ, ಮಾಡಿಸೋದು ಬೇರೆ. ದೇವರು ತಿಳಿದಿದ್ದ ಅಂದರೆ ದೇವರು ಮಾಡಿಸಿದ ಅಂತ ಅಲ್ಲ ಕಣಯ್ಯಾ.” ಒಳ್ಳೆಯ ಪೆಟ್ಟು! ಮೈಸೂರಿನಲ್ಲಿ ಇದೇ ಮಾತನ್ನು ಲ್ಯಾಟಿನ್ ಪದಗಳಿಂದ ಅಲಂಕರಿಸಿ ಕೊಟ್ಟಿದ್ದರು. ನಾನು ಯಾರ ಕಡೆ ಎಂಬುದೇ ಮರೆತು ತಲೆಯಾಡಿಸಿದೆ. ಉಪದೇಶಿ ನನ್ನನ್ನು ಕೆಕ್ಕರಿಸಿ ನೋಡಿದ.

ಅಯ್ಯನವರಿಗೆ ಹುರುಪು ಬಂದಿತ್ತು. “ಬಿಳಿಗಿರಿ ಬೆಟ್ಟದ ಮೇಲೆ ನಿಂತವನಿಗೆ ಕೆಳಗಿನ ದಾರಿಯಲ್ಲಿ ಮುಂದಿನ ಗಾಡಿ, ಹಿಂದಿನ ಗಾಡಿ ಎರಡೂ ಒಟ್ಟಿಗೇ ಕಾಣುತ್ತೆ. ಗಾಡಿಯೊಳಗೆ ಕೂತವನಿಗೆ ತನ್ನ ಎತ್ತಿನ ಬಾಲ ಮಾತ್ರ. ನಮಗೆ ನಾಳೆ ಅನ್ನೋದು ಇದೆ, ಬೆಟ್ಟದ ಮೇಲಿರುವವನಿಗೆ ಎಲ್ಲವೂ ಈಗಲೇ.”

ಉಪದೇಶಿ ಮೆಲ್ಲಗೆ ಕೇಳಿದ:

“ಕಾಣ್ತಿತ್ತಲ್ವಾ ಸಾಮಿ? ಅಂಗಾರೆ ಒಂದ್ ಕೂಗ್ ಕೂಗ್ಬೋದಾಗಿತ್ತು. ಅಳ್ಳ ತುಂಬದೆ, ಇವತ್ ಬ್ಯಾಡ, ನೆನ್ನೇನೇ ಒಂಡಿ ಅಂತ.”

ಅಯ್ಯನವರು ನಿಂಬೆಹಣ್ಣು ತೆಗೆದು ಮೂಸಿದರು. ಗೆದ್ದೆವು ಎಂದುಕೊಂಡೆ ನಾನು.

“ಸಾಕ್ ನಿಲ್ಸು ಮಾಪ್ಳೆ.”

ಹೊಸ್ತಿಲಿನಿಂದ ಅತ್ತೆ. ಅಳಿಯನನ್ನು ಅವಳು ತಮಿಳಿನಲ್ಲಿ ಮಾಪ್ಳೆ ಎಂದೇ ಕರೆಯುತ್ತಿದ್ದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು.

“ನಿನ್ ದೇವ್ರನ್ನ ಬಚಾವ್ ಮಾಡಕ್ ಓಗಿ ನನ್ ಮಗಳ್ನ ಒಂಟಿ ಮಾಡ್ಬುಟ್ಟೆ. ಆ ಅಳ್ಳದ ದಡ್ದಲ್ಲಿ ಅವ್ಳ ಕೈ ಇಡ್ಕಂಡ್ ಕೂತಿದ್ದೋಳು ನಾನು. ಅವ್ಳು ಓಯ್ತಳೆ ಅಂತ ನಂಗೊತ್ತಿರ್ನಿಲ್ಲ. ಗಾಡಿ ಒಡ್ಯೋನಿಗ್ ಗೊತ್ತಿರ್ನಿಲ್ಲ. ನೀನಂತೂ ಎತ್ತಿನ್ ಮೂಗ್ದಾರ ಇಡ್ಕಂಡು ನೀರ್ ನೋಡ್ತಾ ನಿಂತಿದ್ದೆ. ದೇವ್ರಿಗೂ ಗೊತ್ತಿರ್ನಿಲ್ಲ ಅಂದ್ರೆ, ಅವ್ಳ ಜೊತೇಲಿ ಯಾರಿದ್ರಯ್ಯಾ? ಏಳು, ಯಾರಿದ್ರು?”

ಉಪದೇಶಿ ಅವಳ ಕಡೆ ತಿರುಗಿದ. “ಗೊತ್ತಿದ್ದೂ ಬುಟ್ನಾ ಅಂತೀಯಾ ಅತ್ತೆ?”

“ಅದ್ ನಂಗೊತ್ತಿಲ್ಲ. ಗೊತ್ತಿತ್ತು, ಜೊತೇಲಿದ್ದ. ಅಷ್ಟ್ ಇದ್ರೆ ಸಾಕು ನಂಗೆ.”

ನನ್ನ ಟಿಪ್ಪಣಿಗಳಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಪರ, ವಿರೋಧ ಎಂದು ಎರಡು ಕಾಲಂ ಎಳೆದು ಬರೆಯುತ್ತಿದ್ದೆವು. ಒಂದೇ ಸಾವಿನ ಎರಡು ಕಡೆ ನಿಂತು ಒಬ್ಬ ದೇವರಿಗೆ ಗೊತ್ತಿರಬಾರದಿತ್ತು ಎಂದು, ಇನ್ನೊಬ್ಬಳು ಗೊತ್ತಿರಲೇಬೇಕಿತ್ತು ಎಂದು ಹಿಡಿದುಕೊಂಡಿರುವುದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ? ಅಂದು ನಾನು ಬೇರೆಲ್ಲಿಯೂ ಇರಲು ಇಷ್ಟಪಡುತ್ತಿರಲಿಲ್ಲ.

“ಮಗು ಉಳಿದಿದೆಯಲ್ಲಪ್ಪ” ಎಂದರು ಅಯ್ಯನವರು, ಸಮಾಧಾನಕ್ಕೆ. “ಬೇಡಿದ್ದರಲ್ಲಿ ಅದೂ ಇತ್ತಲ್ಲ.”

“ಅರ್ಧ ಉಂಜ ಕೊಡ್ಲಾ ಸಾಮಿ?” ಎಂದ ಉಪದೇಶಿ.

ಯಾರೂ ನಗಲಿಲ್ಲ. ಅಯ್ಯನವರು ಪಕ್ಕದಲ್ಲಿ ಕೆದಕುತ್ತಿದ್ದ ಹುಂಜವನ್ನು ಎರಡೂ ಕೈಯಿಂದ ಹಿಡಿದೆತ್ತಿ ತೊಡೆಯ ಮೇಲಿಟ್ಟುಕೊಂಡರು. ಹಿಡಿದ ರೀತಿಯಲ್ಲೇ ಹಳ್ಳಿಯ ಮನೆಯಲ್ಲಿ ಬೆಳೆದವರು ಎಂದು ಗೊತ್ತಾಗುತ್ತಿತ್ತು. ಬೆನ್ನು ಸವರಿದರು. ಕಾಲು ಹಿಡಿದು ನೋಡಿದರು. ನೂಲಿನ ಕೆಳಗೆ ಕಿರುಬೆರಳು ತೂರಿಸಿದರು. ಸಲೀಸಾಗಿ ಹೋಯಿತು.

“ಇದನ್ನ ಮರಿಯಾಗಿದ್ದಾಗ ಕಟ್ಟಿದ್ದಲ್ಲವೇ?”

“ಊಂ.”

“ಹರಕೆ ಬಿಟ್ಟವರೇ ಕಾಲು ದಪ್ಪ ಆದ ಹಾಗೆಲ್ಲ ಸಡಿಲಿಸಿ ಕಟ್ಟಬೇಕು. ಅವಳು ಹೋಗಿ ಎಷ್ಟೋ ತಿಂಗಳಾಯಿತು. ಆಮೇಲೆ ಸಡಿಲಿಸಿದ್ದು ಯಾರು?”

ಅತ್ತೆ ಉಪದೇಶಿಯ ಕಡೆ ತಿರುಗಿದಳು. ಅವಳಿಗೂ ಗೊತ್ತಿರಲಿಲ್ಲ ಎಂದು ನನ್ನ ನೆನಪು.

“ನಾನೇಯ.”

“ಹುಂಜ ಕೊಡೋ ಮನಸ್ಸಿಲ್ಲದವನು ನೂಲು ಯಾಕೆ ಸಡಿಲಿಸಿದೆ?”

“ಕಾಲ್ ಕುಯ್ತಿತ್ತು ಸಾಮಿ.”

“ಕುಯ್ತಿದ್ದರೆ ಕತ್ತರಿಸಿ ಬಿಸಾಕಬಹುದಿತ್ತಲ್ಲ.”

ಆತ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಹುಳಮನೆಯೊಳಗೆ ಹೋಗಿಬಿಟ್ಟ. ಒಳಗಿನಿಂದ ಸೊಪ್ಪು ಹರವುವ ಸದ್ದು ಕೇಳಿಸಿತು. ಅಯ್ಯನವರು ಹುಂಜವನ್ನು ಕೆಳಗೆ ಬಿಟ್ಟು, “ನಾಳೆ ನೋಡೋಣ” ಎಂದು ಎದ್ದರು. ಅವರು ಬೀಗದ ಕೈ ಕೇಳಲಿಲ್ಲ, ಆತ ಕೊಡ್ತೀನಿ ಅನ್ನಲಿಲ್ಲ. ನಾಳೆ ಏನಾಗುತ್ತದೆ ಎಂದು ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೇವರಿಗೆ ಗೊತ್ತಿತ್ತೋ ಏನೋ, ಅದೇ ತಾನೇ ಪ್ರಶ್ನೆ!

ಭಾನುವಾರ ದೇವಾಲಯ ಕಿಕ್ಕಿರಿದಿತ್ತು. ಬಾಗಿಲ ತುಂಬ ಬಾಳೆಗೊನೆ, ಕುಂಬಳ, ರಾಗಿತೆನೆ, ಬಿಡಿಸಿದ ಗೂಡು. ನಾನು ಹಿಂದೆ ಗೋಡೆಗೊರಗಿ ನಿಂತೆ. ಅಯ್ಯನವರು ಮುಂದಿನ ಬೆಂಚಿನಲ್ಲಿ ಕೂತರು, ಪೀಠ ಹತ್ತಲಿಲ್ಲ. ಉಪದೇಶಿ ಬಂದ. ಕಂಕುಳಲ್ಲಿ ಹುಂಜ! ಪೀಠದ ಮೆಟ್ಟಿಲ ಮೇಲೆ ಅದನ್ನು ಇಳಿಸಿದ. ಬೋಧನೆ ಮಾಡಲಿಲ್ಲ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ. ಮನೆಯಂಗಳದ ಮಾತಿನಲ್ಲೇ ಮಾಡಿದ.

“ಅಪ್ಪಾ, ಇದ್ ಅವ್ಳ್ ಬುಟ್ಟಿದ್ದು. ನಿಂಗ್ ಗೊತ್ತಿದ್ದೂ ಈಸ್ಕಂಡಿದ್ರೆ, ಯಾಕೆ ಅಂತ ನೀನೇ ಒಂದಿನ ನಂಗೆ ಏಳು. ಗೊತ್ತಿಲ್ದೆ ಈಸ್ಕಂಡಿದ್ರೆ, ನಿನ್ ಸಂಕ್ಟ ನಂಗರ್ಥ ಆಯ್ತದೆ. ಎಂಗಾದ್ರೂ ನೀನ್ ಅಲ್ಲಿದ್ದೆ ಅಂತ ನಮ್ಮತ್ತೆ ಏಳ್ತದೆ. ತಕ.”

ಎಲ್ಲರ ಕಣ್ಣೂ ಮುಂದಿನ ಬೆಂಚಿನ ಕಡೆಗೆ. ಇದು ಒಪ್ಪಿಗೆಯೋ, ಧಿಕ್ಕಾರವೋ? ಅಯ್ಯನವರ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಒಂದು ಸಲ ನೆಟ್ಟಗಾಯಿತು.

“ಆಮೆನ್” ಎಂದರು ಅಯ್ಯನವರು, ಹೆಂಚು ಅದುರುವ ಹಾಗೆ.

ಬೀಗದ ಕೈಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಆಮೇಲೆ ಅಂಗಳದಲ್ಲಿ ಅವರನ್ನು ಹಿಡಿದು ನಿಲ್ಲಿಸಿ ಕೇಳಿದೆ: “ಆತ ಒಪ್ಪಲೇ ಇಲ್ಲವಲ್ಲ!” ಅವರು ಕೊಡೆ ಬಿಚ್ಚುತ್ತಾ ಹೇಳಿದರು, “ಬೋಧನೆಯಾಗಿದ್ದರೆ ಪರೀಕ್ಷೆ ಮಾಡ್ತಿದ್ದೆ ಮೇಷ್ಟ್ರೇ. ಪ್ರಾರ್ಥನೆಗೆ ಪರೀಕ್ಷೆ ಎಲ್ಲಿದೆ?”

ಹರಾಜಿನಲ್ಲಿ ಹುಂಜದ ಸರದಿ ಬಂದಾಗ ಅತ್ತೆ ಒಂದು ಸಣ್ಣ ಮೊತ್ತ ಕೂಗಿದಳು. ಊರಿನವರೆಲ್ಲ ಬಾಯಿ ಮುಚ್ಚಿಕೊಂಡರು. ಹಬ್ಬದ ಹರಾಜಿಗೆಂದು ಬಂದಿದ್ದ ಲೊಕ್ಕನಹಳ್ಳಿಯ ದನಗಾಹಿ ಗೌಡನೊಬ್ಬನಿಗೆ ಇದೊಂದೂ ಗೊತ್ತಿಲ್ಲ. ಒಳ್ಳೆ ಜಾತಿ ಹುಂಜ ಎಂದು ಅವನು ಮೇಲೆ ಕೂಗಿದ. ಅತ್ತೆ ಇನ್ನೂ ಮೇಲೆ. ಗೌಡ ಇನ್ನೂ ಮೇಲೆ. ಎಲ್ಲರೂ ಅವನನ್ನು ದುರುಗುಟ್ಟಿ ನೋಡಿದರು.

“ಯಾಕ್ರಪ್ಪಾ, ನಾನೇನ್ ಕದ್ಕ ಓಯ್ತಾ ಇದ್ದೀನಾ? ಅರಾಜಲ್ವಾ ಇದು?” ಎಂದ ಗೌಡ ಕಂಗಾಲಾಗಿ.

ಪಕ್ಕದಲ್ಲಿದ್ದವನು ಅವನ ಕಿವಿಯಲ್ಲಿ ಏನೋ ಹೇಳಿದ. ಗೌಡ ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಮೊದ್ಲೇ ಏಳ್ಬಾರ್ದಾ? ನಂಗೆಂಗ್ ಗೊತ್ತಾದದು?” ಎಂದು ಹಿಂದೆ ಸರಿದ. ಅಯ್ಯನವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ದೇವರಿಗೆ ಕೊಟ್ಟ ಹುಂಜ ಅತ್ತೆಯ ಕಂಕುಳಲ್ಲಿ ಅದೇ ಅಂಗಳಕ್ಕೆ ವಾಪಸು ಹೋಯಿತು.

ನನ್ನ ನೆನಪು ಇದು. ಆಮೇಲೆ ನಾನು ಕೊಳ್ಳೇಗಾಲ ಬಿಟ್ಟೆ, ಇನ್ನೆರಡು ಊರು, ಇನ್ನೆರಡು ಕೆಲಸ. ಎಪ್ಪತ್ತರ ದಶಕದ ನಡುವಿನಲ್ಲಿ ಒಮ್ಮೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಅಯ್ಯನವರು ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಿಂಬೆಹಣ್ಣು ಮಾತ್ರ ಹಾಗೇ ಇತ್ತು. ಉತ್ಸಾಹದಿಂದ ಹುಂಜದ ಕೂಗಿನ ವಿಷಯ ತೆಗೆದೆ.

“ಕೂಗಲಿಲ್ಲ ಮೇಷ್ಟ್ರೇ. ಕೂಗಿದ್ದರೆ ನಾನು ಬಿಡ್ತಿದ್ದೆನೇ? ಇಷ್ಟು ಹೊತ್ತಿಗೆ ಊರೂರಲ್ಲೂ ಅದರ ಮೇಲೆ ಪ್ರಸಂಗ ಮಾಡಿರ್ತಿದ್ದೆ.”

ನಾನು ಪಟ್ಟು ಬಿಡಲಿಲ್ಲ. “ನೂಲು? ನೂಲು ಸಡಿಲವಾಗಿತ್ತಲ್ಲ?”

“ಸಡಿಲವಾಗಿತ್ತು, ಅದು ನೆನಪಿದೆ. ಆದರೆ ಯಾರು ಸಡಿಲಿಸಿದ್ದು ಅಂತ ನಾನು ಕೇಳಿದೆನೇ? ಆತ ನಾನೇ ಅಂದನೇ? ನೀವು ಕಥೆ ಹೇಳೋರು, ನಿಮಗೆ ಬೇಕಾದ್ದು ಕೇಳಿಸಿರಬಹುದು. ರೇಷ್ಮೆ ಅಲ್ಲವೇ, ಕಾಲು ದಪ್ಪವಾದ ಹಾಗೆ ತಾನೇ ಹಿಗ್ಗಿರಬಹುದು.”

ಬಸ್ಸು ಬಂತು, ಅವರು ಹೊರಟರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೂಗು ಹೋದರೆ ಹೋಗಲಿ. ಆದರೆ ನೂಲು ತಾನೇ ಹಿಗ್ಗಿದ್ದಾದರೆ, ಆತ ಅದನ್ನು ಬಿಚ್ಚಿ ಕಟ್ಟಿದ್ದೆಲ್ಲ ನನ್ನ ಕಲ್ಪನೆಯಾಗುತ್ತದೆ. ಆಗ ಆತ ಭಾನುವಾರ ಹುಂಜ ತಂದದ್ದು ಬರೀ ಪೀಠ ಉಳಿಸಿಕೊಳ್ಳಲು ಎಂದಾಗಿಬಿಡುತ್ತದೆ.

ಮುಂದಿನ ಬಸ್ಸಿಗೇ ಹನೂರಿಗೆ ಹೊರಟೆ. ಕೇರಿಯಲ್ಲಿ ಉಪದೇಶಿ ಅದೇ ಮನೆಯಲ್ಲಿದ್ದ, ಅದೇ ಪೀಠದಲ್ಲಿ ಬೋಧಿಸುತ್ತಿದ್ದ. ಅತ್ತೆ ತೀರಿಕೊಂಡಿದ್ದಳು. ಹುಂಜ ಬಹಳ ಮುದಿಯಾಗಿ ಸತ್ತಿತಂತೆ. ಎರಡು ಜಡೆಯ ಹುಡುಗಿಯೊಬ್ಬಳು ನನಗೆ ನೀರು ತಂದುಕೊಟ್ಟಳು. ನೂಲಿನ ವಿಷಯ ಕೇಳಿದೆ.

“ಯಾವ್ ನೂಲು ಸಾ?” ಎಂದ. ಮಗಳ ಕಡೆ ನೋಡಿದ. “ಅದೆಲ್ಲಾ ಜ್ಞಾಪ್ಕ ಇಲ್ಲ. ದೇವ್ರಿಗೆ ಗೊತ್ತು.”

ನಾನು ಅವನ ಮುಖವನ್ನೇ ನೋಡಿದೆ. ತಮಾಷೆಗೆ ಅಂದನೋ, ವಾಡಿಕೆಯ ಮಾತೋ, ಆ ಐದಾರು ವರ್ಷದಲ್ಲಿ ಬದಲಾಗಿದ್ದನೋ, ತಿಳಿಯಲಿಲ್ಲ.

ಹಿಂತಿರುಗುವಾಗ ಹನೂರಿನ ದನದ ಆಸ್ಪತ್ರೆಯ ಮುಂದೆ ನಿಂತೆ. ಡಾಕ್ಟರು ಎಮ್ಮೆಯೊಂದಕ್ಕೆ ಸೂಜಿ ಚುಚ್ಚುತ್ತಿದ್ದರು. ಕಾಯ್ದು ಕೇಳಿದೆ: ಮರಿಯ ಕಾಲಿಗೆ ಕಟ್ಟಿದ ಹಸಿ ರೇಷ್ಮೆನೂಲು, ಅದು ಹುಂಜವಾಗುವ ತನಕ ತಾನೇ ಹಿಗ್ಗುತ್ತದೆಯೇ? ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಹಿಗ್ಗುವುದೂ ಇಲ್ಲ, ಹರಿಯುವುದೂ ಇಲ್ಲ ಎಂದರು. ಬಿಟ್ಟರೆ ಚರ್ಮ ಸೀಳಿ ಒಳಗೆ ಇಳಿಯುತ್ತದೆ, ಮೇಲೆ ಮಾಂಸ ಬೆಳೆದು ಕಾಲೇ ಕೊಳೆಯುತ್ತದೆ. ಅಂಥ ಕೋಳಿಗಳನ್ನು ಅವರ ಹತ್ತಿರ ತಂದಿದ್ದಾರೆ. ಕೊಳ್ಳೇಗಾಲಕ್ಕೆ ಬಂದು ನನ್ನ ಹಳೆಯ ಮನೆ ಯಜಮಾನರ ಹಿತ್ತಲಿನಿಂದ ಒಂದು ಎಳೆ ಈಸಿಕೊಂಡು ಬೆರಳಿಗೆ ಸುತ್ತಿ ಎಳೆದು ನೋಡಿದೆ. ಬೆರಳು ಕೊಯ್ಯಿತು.

ಹುಂಜ ಕೂಗಿದ್ದು ಸುಳ್ಳಿರಬಹುದು. ಆತ ‘ನಾನೇಯ’ ಎಂದದ್ದೂ ನನ್ನ ಸುಣ್ಣವಿರಬಹುದು. ಆದರೆ ಆ ಹುಂಜ ಎರಡೂ ಕಾಲಿನ ಮೇಲೆ ನೆಟ್ಟಗೆ ನಡೆಯುತ್ತಿತ್ತು, ನೂಲು ಸಡಿಲವಾಗಿತ್ತು ಎಂದು ಅಯ್ಯನವರೂ ಒಪ್ಪಿದರು. ಹಾಗಿದ್ದ ಮೇಲೆ, ಅವಳು ಸತ್ತ ನಂತರ ಯಾರೋ ಒಬ್ಬರು ಆ ಗಂಟನ್ನು ಮತ್ತೆ ಮತ್ತೆ ಬಿಚ್ಚಿ, ಸಡಿಲಿಸಿ, ಮತ್ತೆ ಕಟ್ಟಿದ್ದಾರೆ. ಇದೊಂದನ್ನು ನಾನು ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ.